ಈ ತಿಂಗಳು ತಂತಿ ಮುಟ್ಟಬೇಡಿ

ನನ್ನ ಹಲ್ಲಿನ ಫೈಲಿನಲ್ಲಿ ಒಂದು ಹಳದಿ ಚೀಟಿ ಇದೆ. 2024ರ ಜನವರಿಯದು. ವಸಡಿನ ಡಾಕ್ಟರು ಕ್ಲಿಪ್ ಹಾಕುವ ಡಾಕ್ಟರಿಗೆ ಬರೆದದ್ದು. ಅವರು ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳುತ್ತೇನೆ: "ಮೇಲಿನ ಎಡ ಮುಂಹಲ್ಲಿನ ಪಕ್ಕ ವಸಡು ಬಿಟ್ಟ ಆಳ 5 ಮಿ.ಮೀ. ಇದೆ. ರಕ್ತ ಬರುತ್ತಿದೆ. ಈ ತಿಂಗಳು ತಂತಿ ಮುಟ್ಟಬೇಡಿ." ಅದರ ಕೆಳಗೆ ಇನ್ನೊಂದು ಕೈಬರಹ: "ಸರಿ. ನಿಲ್ಲಿಸಿದ್ದೇನೆ. ನೀವು ಹೇಳಿದ ಮೇಲೆ ಶುರು ಮಾಡುತ್ತೇನೆ."

ಆ ದಿನ ನನಗೆ ತುಂಬಾ ಬೇಜಾರಾಗಿತ್ತು. ಇನ್ನೇನು ಮುಗಿಯಿತು ಅಂದುಕೊಂಡಿದ್ದ ಕೆಲಸ ಮತ್ತೆ ಹಿಂದಕ್ಕೆ ಹೋಯಿತಲ್ಲ ಅನ್ನಿಸಿತ್ತು. ಈಗ ಆ ಚೀಟಿ ನೋಡಿದಾಗಲೆಲ್ಲ, ನನ್ನ ಆ ಹಲ್ಲು ಇನ್ನೂ ಬಾಯಲ್ಲಿ ಇರುವುದು ಈ ಎರಡು ಸಾಲಿನಿಂದ ಅನ್ನಿಸುತ್ತದೆ. ಒಬ್ಬರು ನಿಲ್ಲಿಸಿ ಅಂದರು. ಇನ್ನೊಬ್ಬರು ನಿಲ್ಲಿಸಿದರು. ದೊಡ್ಡವರಾದ ಮೇಲೆ ಕ್ಲಿಪ್ ಹಾಕಿಸಿಕೊಳ್ಳುವವರಿಗೆ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ ಅಂತ ನಾನು ನಂಬಿದ್ದೇನೆ.

ನಾನು ಶಿವಮೊಗ್ಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. 2022ರಲ್ಲಿ ನನಗೆ 44 ವರ್ಷ. ಒಂದು ದಿನ ಎಂಟನೇ ಕ್ಲಾಸಿಗೆ ಉಕ್ತಲೇಖನ ಕೊಡುತ್ತಿದ್ದೆ. ಮೊದಲ ಬೆಂಚಿನ ಹುಡುಗಿ ಕೈ ಎತ್ತಿ, "ಮಿಸ್, ಅದು 'ಸ' ನಾ, 'ಶ' ನಾ?" ಅಂತ ಕೇಳಿದಳು. 'ಸ' ಅಂತ ಮತ್ತೆ ಹೇಳಿದೆ. ಹಲ್ಲಿನ ಸಂದಿಯಿಂದ ಗಾಳಿ ಸೋರಿದ್ದು ನನಗೇ ಕೇಳಿಸಿತು.

ಮನೆಗೆ ಬಂದು ಕನ್ನಡಿ ನೋಡಿದೆ. ಮೇಲಿನ ಎರಡು ಮುಂಹಲ್ಲುಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಜಾಗ ಬಿಟ್ಟಿತ್ತು. ಮದುವೆಯ ಫೋಟೊ ತೆಗೆದು ನೋಡಿದೆ. ಅದರಲ್ಲಿ ಆ ಜಾಗ ಇಲ್ಲ. ಹಲ್ಲುಗಳು ಸ್ವಲ್ಪ ಮುಂದಕ್ಕೆ ಬಾಗಿದ್ದವು, ಮೊದಲಿಗಿಂತ ಉದ್ದ ಕಾಣುತ್ತಿದ್ದವು. ನೋವು ಮಾತ್ರ ಒಂದಿಷ್ಟೂ ಇರಲಿಲ್ಲ. ಉಜ್ಜುವಾಗ ಆಗೀಗ ರಕ್ತ ಬರುತ್ತಿತ್ತು. ಅದನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ನಮ್ಮ ಅಜ್ಜಿ ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸಿ ಜಗಿಯುತ್ತಿದ್ದರು, ಐವತ್ತಕ್ಕೆಲ್ಲ ಬೊಚ್ಚು ಬಾಯಿ. ಅಮ್ಮ ಹೊಗೆಸೊಪ್ಪು ಮುಟ್ಟಿದವರಲ್ಲ. ಆದರೂ ಐವತ್ತೈದಕ್ಕೆ ಹಲ್ಲಿನ ಸೆಟ್ ಬಂತು. "ನಮ್ಮ ಮನೆಯವರ ಹಲ್ಲೇ ಹಾಗೆ" ಅನ್ನುವುದು ನಮ್ಮಲ್ಲಿ ಜಾತಕದ ಮಾತಿನಂತೆ ಇತ್ತು.

ಮೊದಲು ನಾನು ಹೋದದ್ದು ಪೇಟೆಯ ಒಂದು ದೊಡ್ಡ ಕ್ಲಿನಿಕ್ಕಿಗೆ. ಬಾಯಿಯೊಳಗೆ ಕ್ಯಾಮೆರಾ ಹಾಯಿಸಿ, ಕಂಪ್ಯೂಟರಿನಲ್ಲಿ ನನ್ನ ಹಲ್ಲುಗಳು ಸಾಲಾಗಿ ನಿಲ್ಲುವುದನ್ನು ತೋರಿಸಿದರು. ಚೆನ್ನಾಗಿತ್ತು. ಪ್ಯಾಕೇಜ್ ಹೇಳಿದರು, ಕಂತು ಹೇಳಿದರು. ಅವತ್ತೇ ಶುರು ಮಾಡಬಹುದು ಅಂದರು. ಉಜ್ಜುವಾಗ ರಕ್ತ ಬರುತ್ತದೆ ಅಂತ ನಾನೇ ಹೇಳಿದೆ. "ಕ್ಲೀನಿಂಗ್ ಆಮೇಲೆ ಮಾಡಿಸಿದರಾಯ್ತು" ಅಂದರು. ವಸಡನ್ನು ಯಾರೂ ಮುಟ್ಟಿ ನೋಡಲಿಲ್ಲ. ಒಂದು ಎಕ್ಸ್‌ರೇ ಕೂಡ ಇಲ್ಲ. ನಾನು ಅಡ್ವಾನ್ಸ್ ಕೊಡದೆ ಬಂದದ್ದು ತಿಳಿವಳಿಕೆಯಿಂದ ಅಲ್ಲ. ಅವತ್ತು ಅಷ್ಟು ಹಣ ಇರಲಿಲ್ಲ, ಅಷ್ಟೇ. ಇದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮರುದಿನ ಸ್ಟಾಫ್ ರೂಮಿನಲ್ಲಿ ವಿಷಯ ಹೇಳಿದಾಗ, ಗಣಿತದ ಮೇಡಂ ತಾವು ಹೋಗುವ ಸಣ್ಣ ಕ್ಲಿನಿಕ್ಕಿಗೆ ಒಮ್ಮೆ ತೋರಿಸಿ ಅಂದರು. ಎರಡು ಕುರ್ಚಿಯ ಕ್ಲಿನಿಕ್. ನಡೆಸುವವರು ಒಬ್ಬ ಲೇಡಿ ಡಾಕ್ಟರು. ಹಲ್ಲು ಕೀಳುವುದು, ಹುಳುಕು ತುಂಬುವುದು, ದಿನದ ಕೆಲಸ ಎಲ್ಲ ಅವರದೇ. ಕ್ಲಿಪ್ಪಿನ ಡಾಕ್ಟರು ಎರಡನೇ ಮತ್ತು ನಾಲ್ಕನೇ ಶನಿವಾರ ಬರುತ್ತಾರೆ. ವಸಡಿನ ಡಾಕ್ಟರು ಬುಧವಾರ, ದಾವಣಗೆರೆಯಿಂದ. ನಮ್ಮ ಊರುಗಳಲ್ಲಿ ಹೆಚ್ಚಿನ ಕಡೆ ಹೀಗೇ ಅಲ್ವಾ? ಐದು ವರ್ಷ ಬಿಡಿಎಸ್, ಅದರ ಮೇಲೆ ಮೂರು ವರ್ಷ ಒಂದೇ ವಿಷಯದಲ್ಲಿ ಎಂಡಿಎಸ್ ಮಾಡಿದವರು ಒಂದೊಂದು ದಿನ ಒಂದೊಂದು ಕ್ಲಿನಿಕ್ ಸುತ್ತುತ್ತಾರೆ. ಒಬ್ಬರ ಮುಖ ಒಬ್ಬರು ನೋಡುವುದೇ ಅಪರೂಪ. ಹಾಗಾಗಿ ಅವರಿಬ್ಬರೂ ಭೇಟಿಯಾಗುವ ಜಾಗ ಅಂದರೆ ರೋಗಿಯ ಫೈಲು. ಫೈಲು ಖಾಲಿ ಇದ್ದರೆ ಭೇಟಿಯೂ ಇಲ್ಲ.

ಮೊದಲು ನೋಡಿದವರು ಕ್ಲಿಪ್ಪಿನ ಡಾಕ್ಟರು. ಇಡೀ ದವಡೆಯ ಎಕ್ಸ್‌ರೇ ತೆಗೆಸಿದ್ದರು. ಅದನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಎರಡು ಉಪಕರಣಗಳ ಹಿಡಿಯಿಂದ ನನ್ನ ಮುಂಹಲ್ಲನ್ನು ಮೆಲ್ಲಗೆ ಅಲ್ಲಾಡಿಸಿದರು. ಆಮೇಲೆ ಹೇಳಿದರು, "ಮೇಡಂ, ನಾನು ಕ್ಲಿಪ್ ಹಾಕಲ್ಲ ಅಂತಿಲ್ಲ. ಇವತ್ತು ಹಾಕಲ್ಲ. ಮೊದಲು ಬುಧವಾರ ಬನ್ನಿ."

ಆ ಬುಧವಾರ ನನಗೆ ಚೆನ್ನಾಗಿ ನೆನಪಿದೆ. ವಸಡಿನ ಡಾಕ್ಟರು ಒಂದು ತೆಳು ಅಳತೆ ಕಡ್ಡಿ ಹಿಡಿದು ಪ್ರತಿ ಹಲ್ಲಿನ ಸುತ್ತ ಆರು ಕಡೆ ಇಳಿಸಿದರು. ನನಗೆ ಇದ್ದದ್ದು 28 ಹಲ್ಲು. ಅಂದರೆ 168 ಅಳತೆ. ಅವರು ಹೇಳುತ್ತ ಹೋದರು, ಸಹಾಯಕಿ ಬರೆಯುತ್ತ ಹೋದಳು. "ಮೂರು, ಎರಡು, ಮೂರು. ನಾಲ್ಕು, ಐದು, ರಕ್ತ." ಹಾಜರಿ ಕೂಗಿದ ಹಾಗಿತ್ತು. ಮೇಲಿನ ಮುಂಹಲ್ಲಿಗೆ ಬಂದಾಗ "ಆರು, ಏಳು, ರಕ್ತ" ಅಂದರು. ಆರೋಗ್ಯವಾಗಿರುವ ವಸಡಿನಲ್ಲಿ ಕಡ್ಡಿ ಮೂರು ಮಿ.ಮೀ.ಗಿಂತ ಕೆಳಗೆ ಇಳಿಯುವುದಿಲ್ಲ. ಅದಕ್ಕಿಂತ ಆಳ ಇದ್ದರೆ ಪಾಕೆಟ್ ಅನ್ನುತ್ತಾರೆ. ಮರದ ಪೊಟರೆ ಇದ್ದ ಹಾಗೆ. ಮೇಲೆ ತೊಗಟೆ ಸರಿಯಾಗಿಯೇ ಕಾಣುತ್ತದೆ, ಒಳಗೆ ಟೊಳ್ಳು. ಬ್ರಷ್ ಅಲ್ಲಿಗೆ ಹೋಗುವುದಿಲ್ಲ.

ಆ ದಿನ ಕೊಟ್ಟ ಚೀಟಿಯಲ್ಲಿ ಅವರು ಬರೆದ ಒಂದು ಮಾತು ನಮ್ಮ ಮನೆಯಲ್ಲಿ ಆ ರಾತ್ರಿ ಯಾರಿಗೂ ನಿದ್ದೆ ಬರದ ಹಾಗೆ ಮಾಡಿತು. 'ಸ್ಟೇಜ್ 4' ಅಂತ ಬರೆದಿದ್ದರು. ನಮ್ಮ ಯಜಮಾನರು ಅದನ್ನು ಓದಿ ಸುಮ್ಮನೆ ಕೂತುಬಿಟ್ಟರು. ನಾಲ್ಕನೇ ಸ್ಟೇಜು ಅಂದರೆ ನಮಗೆ ಗೊತ್ತಿರುವುದು ಕ್ಯಾನ್ಸರ್ ಒಂದೇ. ಮರುದಿನ ಫೋನ್ ಮಾಡಿದಾಗ ಡಾಕ್ಟರು ಬಿಡಿಸಿ ಹೇಳಿದರು. ಅಮೆರಿಕ ಮತ್ತು ಯುರೋಪಿನ ವಸಡಿನ ತಜ್ಞರು 2017ರಲ್ಲಿ ಸೇರಿ ಈ ರೋಗವನ್ನು ಹೊಸದಾಗಿ ವಿಂಗಡಿಸಿದರು, 2018ರಲ್ಲಿ ಅದು ಪ್ರಕಟವಾಯಿತು. ಮೂಳೆ ಕರಗಿದ್ದಷ್ಟೇ ಅಲ್ಲದೆ, ಹಲ್ಲು ಜಾಗ ಬಿಟ್ಟು ಸರಿದು ಕಚ್ಚುವುದು, ಜಗಿಯುವುದು ಕೆಟ್ಟಿದ್ದರೆ ಅದು ನಾಲ್ಕನೇ ಹಂತ. "ಅಂದರೆ ಒಬ್ಬ ಡಾಕ್ಟರಿಂದ ಆಗುವ ಕೆಲಸ ಅಲ್ಲ ಅಂತ ಅರ್ಥ ಮೇಡಂ. ಭಯ ಬೀಳಬೇಡಿ" ಅಂದರು. ಈ ಹಂತಕ್ಕೆಂದೇ 2022ರಲ್ಲಿ ಯುರೋಪಿನ ತಜ್ಞರ ಒಕ್ಕೂಟ ಪ್ರತ್ಯೇಕ ಮಾರ್ಗಸೂಚಿ ತಂದಿದೆ. ಕ್ಲಿಪ್ ಹಾಕಬಹುದು, ಆದರೆ ವಸಡು ವಾಸಿಯಾದ ಮೇಲೆ ಅನ್ನುವುದು ಅದರ ಸಾರ. ರೋಗಿಯ ಕೈಗೆ ಚೀಟಿ ಕೊಡುವ ಮೊದಲೇ ಇಷ್ಟನ್ನು ಹೇಳಿದ್ದರೆ ನಮಗೆ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು. ಇದನ್ನು ನಾನು ಅವರಿಗೂ ಹೇಳಿದ್ದೇನೆ, ಅವರು ಒಪ್ಪಿಕೊಂಡರು.

ಅದೇ ಚೀಟಿಯಲ್ಲಿ ಒಂದು ರಕ್ತ ಪರೀಕ್ಷೆಯನ್ನೂ ಬರೆದಿದ್ದರು, ಮೂರು ತಿಂಗಳ ಸರಾಸರಿ ಸಕ್ಕರೆ ನೋಡುವುದು. ಹಲ್ಲಿಗೂ ಸಕ್ಕರೆಗೂ ಏನು ಸಂಬಂಧ ಅಂತ ಅನ್ನಿಸಿತು. ಫಲಿತಾಂಶ 8.1 ಬಂತು. ನನಗೆ ಡಯಾಬಿಟಿಸ್ ಇದೆ ಅಂತ ಗೊತ್ತಾದದ್ದು ಹೀಗೆ, ವಸಡಿನ ಡಾಕ್ಟರಿಂದ. ಸಕ್ಕರೆ ಜಾಸ್ತಿ ಇದ್ದರೆ ವಸಡು ಬೇಗ ವಾಸಿಯಾಗುವುದಿಲ್ಲ. ವಸಡಿನಲ್ಲಿ ಉರಿಯೂತ ಇದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಎರಡೂ ಒಂದನ್ನೊಂದು ಎಳೆಯುತ್ತವೆ. ಅಲ್ಲಿಂದ ನಮ್ಮ ಫ್ಯಾಮಿಲಿ ಡಾಕ್ಟರೂ ಆ ಫೈಲಿನೊಳಗೆ ಬಂದರು.

ಇಷ್ಟೆಲ್ಲ ಯಾಕೆ, ಎರಡನ್ನೂ ಒಟ್ಟಿಗೆ ಮಾಡಬಾರದಾ ಅಂತ ನಾನು ಕ್ಲಿಪ್ಪಿನ ಡಾಕ್ಟರನ್ನು ಕೇಳಿದ್ದೆ. ಅವರು ಕೊಟ್ಟ ಉತ್ತರವನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ಒಂದು ನಾರಿನ ಪದರ ಇದೆ, ಹೆಚ್ಚು ಕಡಿಮೆ 0.2 ಮಿ.ಮೀ. ದಪ್ಪ. ತಂತಿಯ ಬಲಕ್ಕೆ ಆ ನಾರು ಒಂದು ಕಡೆ ಅದುಮುತ್ತದೆ, ಇನ್ನೊಂದು ಕಡೆ ಎಳೆಯುತ್ತದೆ. ಅದುಮಿದ ಕಡೆ ಮೂಳೆ ಕರಗಿಸುವ ಜೀವಕೋಶಗಳು ಬಂದು ದಾರಿ ಮಾಡುತ್ತವೆ. ಎಳೆದ ಕಡೆ ಮೂಳೆ ಕಟ್ಟುವ ಜೀವಕೋಶಗಳು ಕೆಲಸ ಮಾಡುತ್ತವೆ. ಹೀಗೆ ಕೆಡವುತ್ತ ಕಟ್ಟುತ್ತ ಹಲ್ಲು ತಿಂಗಳಿಗೆ ಸುಮಾರು 1 ಮಿ.ಮೀ. ಸರಿಯುತ್ತದೆ. ಈಗ ವಸಡಿನ ರೋಗಕ್ಕೆ ಬನ್ನಿ. ಅಲ್ಲಿ ಮೂಳೆ ಕರಗಿಸುವುದೂ ಅದೇ ಜಾತಿಯ ಜೀವಕೋಶಗಳು. ಆದರೆ ಅಲ್ಲಿ ಕೆಡವುವುದು ಮಾತ್ರ ಇದೆ, ಅದಕ್ಕೆ ಸರಿಸಮನಾಗಿ ಕಟ್ಟುವುದು ಇಲ್ಲ. ಕೀವಿರುವ ಹಲ್ಲಿಗೆ ತಂತಿ ಬಿಗಿದರೆ ಎರಡು ಕಡೆಯಿಂದಲೂ ಕೆಡವಲು ಆಳು ಬಿಟ್ಟ ಹಾಗೆ. ಕೆಲವೇ ತಿಂಗಳಲ್ಲಿ ವರ್ಷಗಳ ಮೂಳೆ ಹೋಗಬಹುದು.

ಇನ್ನೊಂದು ತೊಡಕು ಇದೆ. ವಸಡು ವಾಸಿಯಾದರೂ, ಹೋದ ಮೂಳೆಯ ಬಹುಪಾಲು ವಾಪಸ್ ಬರುವುದಿಲ್ಲ. ನಮ್ಮ ತೋಟದ ಬೇಲಿ ಗೂಟಗಳನ್ನು ನೋಡಿ ಬೆಳೆದವಳಿಗೆ ಇದು ಬೇಗ ಅರ್ಥವಾಯಿತು. ಮಳೆಗೆ ಬುಡದ ಮಣ್ಣು ಅರ್ಧ ಕೊಚ್ಚಿ ಹೋದ ಗೂಟವನ್ನು ಮೊದಲಿನಷ್ಟೇ ಜೋರಾಗಿ ತಳ್ಳಿದರೆ ಅದು ವಾಲುತ್ತದೆ. ಅದಕ್ಕೇ ದೊಡ್ಡವರ ಹಲ್ಲಿಗೆ, ಅದರಲ್ಲೂ ಮೂಳೆ ಕಡಿಮೆ ಇರುವ ಹಲ್ಲಿಗೆ ತುಂಬಾ ಹಗುರ ಬಲ ಬೇಕು, ತಳ್ಳುವ ಕೋನವೂ ಬೇರೆ ಇರಬೇಕು. ಡೆನ್ಮಾರ್ಕಿನ ಆರ್ಹುಸ್‌ನ ಪ್ರೊಫೆಸರ್ ಬಿರ್ಟೆ ಮೆಲ್ಸನ್ ಮತ್ತು ಅವರ ಜೊತೆಯವರು, ಮೂಳೆ ಕಳೆದುಕೊಂಡ ವಯಸ್ಕರ ಮುಂಹಲ್ಲುಗಳನ್ನು ಮೂಳೆಯೊಳಕ್ಕೆ ಏರಿಸುವ ಬಗ್ಗೆ 1989ರಲ್ಲೇ ಬರೆದಿದ್ದಾರಂತೆ. ವಸಡು ಚೊಕ್ಕಟವಾಗಿದ್ದು, ಬಲ ಹಗುರವಾಗಿದ್ದರೆ ಅದು ಆಗುವ ಕೆಲಸ. ನನ್ನ ಹಲ್ಲಿಗೆ ಬೇಕಾದದ್ದೂ ಅದೇ.

ಜುಲೈಯಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಎರಡು ಸಲ ಡೀಪ್ ಕ್ಲೀನಿಂಗ್ ಆಯಿತು. ವಸಡಿನ ಕೆಳಗೆ, ಬೇರಿನ ಮೇಲೆ ಕಲ್ಲಿನಂತೆ ಕೂತಿದ್ದ ಪಾಚಿಯನ್ನು ಕೆರೆದು ತೆಗೆದರು. ಅಮ್ಮನಿಗೆ ಇಷ್ಟವಿರಲಿಲ್ಲ. "ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗ್ತದೆ, ಸಂದು ಬೀಳ್ತದೆ" ಅಂದರು. ಈ ಮಾತನ್ನು ನೀವೂ ಕೇಳಿರುತ್ತೀರಿ. ಸಂದು ಕಾಣಿಸಿದ್ದು ನಿಜ. ಪಾಚಿ ತುಂಬಿದ್ದ ಜಾಗ ಖಾಲಿಯಾಯಿತು, ಊದಿದ್ದ ವಸಡು ಇಳಿಯಿತು, ಅದಕ್ಕೇ ಕಾಣಿಸಿತು. ಸಡಿಲವಾಗಿದ್ದ ಹಲ್ಲು ಮಾತ್ರ ಮೂರು ತಿಂಗಳಲ್ಲಿ ಮೊದಲಿಗಿಂತ ಗಟ್ಟಿಯಾಯಿತು. ಅಮ್ಮನಿಗೆ ಮುಟ್ಟಿ ನೋಡಿ ಅಂದೆ. ಬೆರಳಿಟ್ಟು ನೋಡಿದರು. ಸ್ವಲ್ಪ ಹೊತ್ತು ಬಿಟ್ಟು, "ನನಗೂ ಆಗ ಯಾರಾದರೂ ಹೀಗೆ ಮಾಡಿದ್ದರೆ" ಅಂದರು. ಮಾತು ಅಲ್ಲಿಗೇ ನಿಂತಿತು.

ಅಕ್ಟೋಬರಿನಲ್ಲಿ ಮತ್ತೆ 168 ಅಳತೆ. ಹೆಚ್ಚಿನ ಕಡೆ ಮೂರಕ್ಕೆ, ನಾಲ್ಕಕ್ಕೆ ಇಳಿದಿತ್ತು. ಮುಂಹಲ್ಲಿನ ಎರಡು ಕಡೆ ಆರು ಹಾಗೇ ಉಳಿದಿತ್ತು. ಅಲ್ಲಿ ವಸಡು ಬಿಡಿಸಿ, ಮೂಳೆಯ ಗುಂಡಿಗೆ ಗ್ರಾಫ್ಟ್, ಅಂದರೆ ಮೂಳೆ ಬೆಳೆಯಲು ನೆರವಾಗುವ ವಸ್ತು, ತುಂಬಿ ಹೊಲಿಗೆ ಹಾಕಿದರು. ಆಮೇಲೆ ಎಷ್ಟು ದಿನ ಬಿಟ್ಟು ಕ್ಲಿಪ್ ಹಾಕಬೇಕು ಅನ್ನುವುದರ ಬಗ್ಗೆ ಇಬ್ಬರು ಡಾಕ್ಟರಿಗೂ ಒಂದೇ ಅಭಿಪ್ರಾಯ ಇರಲಿಲ್ಲ. ಈ ಭಾಗ ನನಗೆ ತುಂಬಾ ಇಷ್ಟ. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಇಂಥ ಸರ್ಜರಿ ಆದವರಲ್ಲಿ ಕೆಲವರಿಗೆ 4 ವಾರಕ್ಕೇ ಕ್ಲಿಪ್ಪಿನ ಕೆಲಸ ಶುರು ಮಾಡಿದರು, ಉಳಿದವರಿಗೆ 6 ತಿಂಗಳು ಬಿಟ್ಟು. ಮೂಳೆ ಕೂಡಿದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಿದ್ದರೆ ಬೇಗ ಶುರು ಮಾಡೋಣ ಅಂತ ಕ್ಲಿಪ್ಪಿನ ಡಾಕ್ಟರು ಫೈಲಿನಲ್ಲಿ ಬರೆದರು. ವಸಡಿನ ಡಾಕ್ಟರು ಅದರ ಪಕ್ಕ, ಇವರ ಸಕ್ಕರೆ ಇನ್ನೂ ಏಳರ ಮೇಲಿದೆ, ಇಳಿಯಲಿ ಅಂತ ಬರೆದರು. ಫೆಬ್ರವರಿಯಲ್ಲಿ 6.8 ಬಂತು. ಮಾರ್ಚ್ 2023ರಲ್ಲಿ ಕ್ಲಿಪ್ ಕೂತಿತು. ಒಬ್ಬರ ಓದು, ಇನ್ನೊಬ್ಬರ ಎಚ್ಚರಿಕೆ, ಎರಡೂ ಒಂದೇ ಹಾಳೆಯಲ್ಲಿ ಇತ್ತು. ನಾನು ಅದನ್ನು ಓದಬಹುದಿತ್ತು.

ಕ್ಲಿಪ್ ಹಾಕಿದ ರೀತಿಯಲ್ಲೂ ವಸಡಿನ ಲೆಕ್ಕ ಇತ್ತು. ಹಿಂದಿನ ದವಡೆ ಹಲ್ಲಿಗೆ ಸುತ್ತು ಬಳೆ ಹಾಕಲಿಲ್ಲ. ಅದು ವಸಡಿನ ಅಂಚಿಗೆ ತಾಗಿ ಪಾಚಿ ಕೂರಿಸುತ್ತದಂತೆ. ಹೊರಗಡೆ ಮಾತ್ರ ಸಣ್ಣ ಕೊಳವೆ ಅಂಟಿಸಿದರು. ಮಕ್ಕಳು ಇಷ್ಟಪಡುವ ಬಣ್ಣದ ರಬ್ಬರ್ ಉಂಗುರದ ಬದಲು ತೆಳು ಸ್ಟೀಲ್ ತಂತಿಯಲ್ಲಿ ಕಟ್ಟಿದರು. ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಬ್ರಾಕೆಟ್ ಸುತ್ತ ಉಳಿದ ಅಂಟನ್ನು ಒಂದೊಂದಾಗಿ ಉಜ್ಜಿ ತೆಗೆದರು. ಅದಕ್ಕೇ ಅರ್ಧ ಗಂಟೆ ಹಿಡಿಯಿತು. ಮೂರು ತಿಂಗಳಿಗೊಮ್ಮೆ ಬುಧವಾರ ಕ್ಲಿನಿಕ್ಕಿನ ಡಾಕ್ಟರು ತಂತಿ ಬಿಚ್ಚಿ ಕೊಡುತ್ತಿದ್ದರು, ವಸಡಿನ ಡಾಕ್ಟರು ಅಳೆದು ಕ್ಲೀನ್ ಮಾಡುತ್ತಿದ್ದರು, ಮತ್ತೆ ಅದೇ ತಂತಿ ಕೂರುತ್ತಿತ್ತು. ಈ ಎರಡೂ ಕೆಲಸಗಳ ನಡುವೆ ದಿನ ಹೊಂದಿಸುವುದು, ಫೋನ್ ಮಾಡುವುದು, ಫೋಟೊ ಕಳಿಸುವುದು ಎಲ್ಲ ಆ ಲೇಡಿ ಡಾಕ್ಟರದೇ ಕೆಲಸ. ಬಿಲ್ಲಿನಲ್ಲಿ ಈ ಕೆಲಸಕ್ಕೆ ಒಂದು ಸಾಲೂ ಇಲ್ಲ. ಇಡೀ ಚಿಕಿತ್ಸೆಯಲ್ಲಿ ಜಾಸ್ತಿ ಋಣ ಇರುವುದು ಅವರದು ಅಂತ ನನ್ನ ಭಾವನೆ.

ನನ್ನ ಪಾಲಿನ ಕೆಲಸ ರಾತ್ರಿಯದು. ಸೀಸೆ ತೊಳೆಯುವ ಬ್ರಷ್ಷಿನ ಮರಿಯಂತಿರುವ ಸಂದಿಯ ಬ್ರಷ್ ಹಿಡಿದು ಪ್ರತಿ ಹಲ್ಲಿನ ನಡುವೆ, ತಂತಿಯ ಕೆಳಗೆ ಆಡಿಸಬೇಕು. ಹತ್ತು ಹನ್ನೆರಡು ನಿಮಿಷ. ಮೊದಲ ಸಲ ಬಣ್ಣದ ದ್ರವ ಹಚ್ಚಿ, ನಾನು ಉಜ್ಜಿದ ಮೇಲೂ ಎಲ್ಲೆಲ್ಲಿ ಪಾಚಿ ಉಳಿದಿದೆ ಅಂತ ಕನ್ನಡಿಯಲ್ಲಿ ತೋರಿಸಿದ್ದರು. ಎಲ್ಲ ಕಡೆ ಕೆಂಪು. ಮೂವತ್ತೈದು ವರ್ಷ ನಾನು ಹಲ್ಲು ಉಜ್ಜಿದ್ದು ಎಲ್ಲಿಗೆ ತಲುಪಿತ್ತು ಅಂತ ಅವತ್ತು ಗೊತ್ತಾಯಿತು.

2023ರ ಡಿಸೆಂಬರ್‌ನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ವಿಶೇಷ ತರಗತಿ ಶುರುವಾಯಿತು. ರಾತ್ರಿ ಮನೆಗೆ ಬಂದು ಊಟ ಮಾಡಿ ಮಲಗಿದರೆ ಸಾಕಾಗುತ್ತಿತ್ತು. ಸಂದಿಯ ಬ್ರಷ್ ಬಿಟ್ಟುಹೋಯಿತು. ಊಟದ ಹೊತ್ತೂ ಕೆಟ್ಟು, ಸಕ್ಕರೆಯೂ ಏರಿತ್ತು. ಜನವರಿಯ ಬುಧವಾರ ಆ ಹಳದಿ ಚೀಟಿ ಬಂತು. ಶನಿವಾರ ಕ್ಲಿಪ್ಪಿನ ಡಾಕ್ಟರು ಅದನ್ನು ಎರಡು ಸಲ ಓದಿದರು. ಬೇಸಿಗೆ ರಜೆಯೊಳಗೆ ಮುಗಿಸಬೇಕು ಅಂತ ಅವರಿಗೂ ಇತ್ತು, ನನಗೂ ಇತ್ತು. ಅವರು ಎಳೆಯುವ ಸ್ಪ್ರಿಂಗನ್ನು ಕಳಚಿದರು. ಹಲ್ಲು ಇದ್ದಲ್ಲೇ ಇರುವಂತೆ ಬಲ ಇಲ್ಲದ ತಂತಿ ಮಾತ್ರ ಬಿಟ್ಟರು. ನನ್ನ ಮುಖ ನೋಡಿ ಹೇಳಿದರು, "ಮೇಡಂ, ನಾನು ಸಾಲು ಮಾಡಿಕೊಡಬಹುದು. ಸಾಲಾಗಿ ನಿಂತ ಹಲ್ಲು ಎರಡು ವರ್ಷಕ್ಕೆ ಬಿದ್ದರೆ ಏನು ಪ್ರಯೋಜನ?" ಆರು ವಾರ ಅಂತ ಬರೆದದ್ದು ಎಂಟು ವಾರ ಆಯಿತು. ಮತ್ತೆ ಮೂರು ಬಂದು, ರಕ್ತ ನಿಂತ ಮೇಲೆಯೇ ಸ್ಪ್ರಿಂಗ್ ಕೂತದ್ದು.

ಇಲ್ಲಿ ನನ್ನ ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳುತ್ತೇನೆ. ಎಷ್ಟೋ ಕಡೆ ಕ್ಲಿಪ್ಪಿಗೆ ಒಂದು ಪ್ಯಾಕೇಜ್ ಇರುತ್ತದೆ, ವಸಡಿನ ಕೆಲಸ ಅದರ ಹೊರಗೆ ಇರುತ್ತದೆ. ಹಣ ಬೇರೆ, ದಿನ ಬೇರೆ, ಡಾಕ್ಟರು ಬೇರೆ. ಹಾಗಿರುವಾಗ ರೋಗಿ ಯಾವುದನ್ನು ಬಿಡುತ್ತಾನೆ? ಕಣ್ಣಿಗೆ ಕಾಣದ್ದನ್ನು. ವಸಡಿನ ತಪಾಸಣೆಯ ಖರ್ಚನ್ನು ಮೊದಲ ದಿನವೇ ಪ್ಯಾಕೇಜಿನೊಳಗೆ ಸೇರಿಸಿ ಹೇಳಬೇಕು. ನಲವತ್ತು ದಾಟಿದವರ ಬಾಯಿಗೆ ಅಳತೆ ಕಡ್ಡಿ ಇಳಿಸದೆ ಬ್ರಾಕೆಟ್ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ಡಾಕ್ಟರುಗಳಿಗೆ ಪುರುಸೊತ್ತು ಇಲ್ಲ ನಿಜ. ಆದರೆ ಎರಡು ಸಾಲು ಬರೆಯಲು ಎಷ್ಟು ಹೊತ್ತು ಬೇಕು?

2024ರ ನವೆಂಬರ್‌ನಲ್ಲಿ ಬ್ರಾಕೆಟ್ ತೆಗೆದರು. ಸಂದು ಮುಚ್ಚಿದೆ. ಮುಂಹಲ್ಲುಗಳ ನಡುವೆ ವಸಡಿನ ಹತ್ತಿರ ಮಾತ್ರ ಒಂದು ಸಣ್ಣ ಕಪ್ಪು ತ್ರಿಕೋನ ಉಳಿದಿದೆ. ಇದು ಬರುತ್ತದೆ ಅಂತ ಇಬ್ಬರೂ ಶುರುವಿನಲ್ಲೇ ಹೇಳಿದ್ದರು. ಎರಡು ಹಲ್ಲು ತಾಗುವ ಜಾಗದಿಂದ ಅವುಗಳ ನಡುವಿನ ಮೂಳೆಗೆ 5 ಮಿ.ಮೀ. ಒಳಗೆ ಇದ್ದರೆ ವಸಡು ಆ ಜಾಗವನ್ನು ಹೆಚ್ಚು ಕಡಿಮೆ ಯಾವಾಗಲೂ ತುಂಬುತ್ತದೆ. ದೂರ ಹೆಚ್ಚಾದ ಹಾಗೆ ತುಂಬುವ ಸಾಧ್ಯತೆ ಬೇಗ ಇಳಿಯುತ್ತದೆ. 1992ರಲ್ಲಿ ಡೆನ್ನಿಸ್ ಟಾರ್ನೋ ಮತ್ತು ಜೊತೆಯವರು ಅಳೆದು ತೋರಿಸಿದ್ದು ಇದು. ನನ್ನಲ್ಲಿ ಆ ದೂರ ಏಳು. ಹಲ್ಲಿನ ಪಕ್ಕವನ್ನು ಕೂದಲೆಳೆಯಷ್ಟು ಉಜ್ಜಿ ಇನ್ನಷ್ಟು ಹತ್ತಿರ ತಂದದ್ದರಿಂದ ತ್ರಿಕೋನ ಚಿಕ್ಕದಾಯಿತು. ಉಳಿದದ್ದು ಉಳಿಯಿತು. ಮೊದಲೇ ಹೇಳಿದ್ದರಿಂದ ನನಗೆ ಮೋಸವಾಯಿತು ಅನ್ನಿಸಲಿಲ್ಲ.

ಈಗ ಹಲ್ಲಿನ ಹಿಂಭಾಗಕ್ಕೆ ಒಂದು ತೆಳು ತಂತಿ ಅಂಟಿಸಿದ್ದಾರೆ. ಮೂಳೆ ಕಡಿಮೆ ಇರುವ ಹಲ್ಲು ಮತ್ತೆ ಸರಿಯಬಾರದಲ್ಲ, ಅದಕ್ಕೆ. ಜೀವನಪೂರ್ತಿ ಇರಬೇಕು. ಮೂರು ತಿಂಗಳ ಬುಧವಾರವೂ ಹಾಗೇ ಮುಂದುವರಿದಿದೆ. ಕಳೆದ ಸಲ ಕೆಳಗಿನ ಮುಂಹಲ್ಲಿನ ಹಿಂದೆ, ಆ ತಂತಿಯ ಬುಡದಲ್ಲಿ ಪಾಚಿ ಗಟ್ಟಿಯಾಗಿತ್ತು. ಒಂದು ಕಡೆ ನಾಲ್ಕು, ಸ್ವಲ್ಪ ರಕ್ತ. ವಸಡಿನ ಡಾಕ್ಟರು ಫೈಲಿನಲ್ಲಿ ಬರೆದಿದ್ದಾರೆ: "ರಿಟೇನರ್ ತಂತಿ ವಸಡಿಗೆ ಹತ್ತಿರ ಆಯಿತು. ಒಂದು ಮಿ.ಮೀ. ಮೇಲೆ ಅಂಟಿಸಲು ಆಗುತ್ತದೆಯೇ?" ಅದರ ಕೆಳಗೆ ಜಾಗ ಖಾಲಿ ಇದೆ. ಈ ಶನಿವಾರ ನಾಲ್ಕನೇ ಶನಿವಾರ.